ವಿಪಿಎನ್ ಹಸಿರು, ಪರದೆ ಮಾತ್ರ ಕಪ್ಪು

ಪ್ರಶ್ನೆ: ಮನೆಯಿಂದ ವೈರ್‌ಗಾರ್ಡ್ ವಿಪಿಎನ್ (ಆಫೀಸಿಗೆ ಹೋಗುವ ಖಾಸಗಿ ಸುರಂಗ, ಅಂದರೆ ಟನಲ್) ಹಾಕಿಕೊಂಡು ಆಫೀಸಿನ ವಿಂಡೋಸ್ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್ ಮಾಡುತ್ತೇನೆ (ಅದರ ಪರದೆಯನ್ನು ಇಲ್ಲಿಂದಲೇ ತೆರೆಯುತ್ತೇನೆ). ಪಿಂಗ್ ಬರುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟ ಮೇಲೆ ಪರದೆ ಕಪ್ಪಾಗಿ ನಿಂತು, ಸ್ವಲ್ಪ ಹೊತ್ತಿಗೆ ಸಂಪರ್ಕ ಕಡಿಯುತ್ತದೆ. ಪಕ್ಕದ ಮನೆಯ ಲೈನಿನಲ್ಲಿ ಇದೇ ಲ್ಯಾಪ್‌ಟಾಪ್ ಸರಿಯಾಗಿ ನಡೆಯಿತು.
— ಓದುಗರು, ಶಿರಸಿ

ಉತ್ತರ: ಪಕ್ಕದ ಮನೆಯಲ್ಲಿ ನೋಡಿದ್ದು ಒಳ್ಳೆಯದಾಯಿತು. ಲ್ಯಾಪ್‌ಟಾಪ್, ಆಫೀಸಿನ ಯಂತ್ರ, ಪಾಸ್‌ವರ್ಡ್ ಮೂರರ ಮೇಲೂ ಅನುಮಾನ ಬೇಡ; ಉಳಿದದ್ದು ನಿಮ್ಮ ಲೈನು. ಪಿಂಗ್ (ಆ ಕಡೆಯ ಯಂತ್ರ ಸಿಗುತ್ತದೆಯೇ ಎಂದು ನೋಡುವ ಪರೀಕ್ಷೆ) ಬಂತೆಂದು ದಾರಿ ಸರಿಯಿದೆ ಅನ್ನುವ ಹಾಗಿಲ್ಲ, ವಿಂಡೋಸ್‌ನ ಪಿಂಗ್ ಹೊತ್ತೊಯ್ಯುವುದು ಬರೀ 32 ಬೈಟು. ಪರದೆಯ ಚಿತ್ರ ಹೊರಟಾಗ ಪ್ಯಾಕೆಟ್‌ಗಳು ತುಂಬಿಕೊಂಡು ಬರುತ್ತವೆ, ಅಲ್ಲೇ ಸಿಕ್ಕಿಬೀಳುತ್ತವೆ.

ಲೆಕ್ಕ ನೋಡಿ. ಮಾಮೂಲಿ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟು ಹಿಡಿಯುತ್ತದೆ. ರೌಟರಿನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಬರುವ ಪಿಪಿಪಿಒಇ ಲೈನಾದರೆ 8 ಕಳೆದು 1492. ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4ನಲ್ಲಿ (ಇಂಟರ್‌ನೆಟ್ ವಿಳಾಸದ ಹಳೆಯ ಪದ್ಧತಿ) 60, ಐಪಿವಿ6ನಲ್ಲಿ (ಹೊಸ ಪದ್ಧತಿ) 80 ಬೈಟು ತೆಗೆದುಕೊಳ್ಳುತ್ತದೆ. ಅದರ ರೂಢಿಯ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1420. ವಿಪಿಎನ್ ಐಪಿವಿ6 ಮೇಲೆ ಹೋಗುತ್ತಿದ್ದರೆ ಅದಕ್ಕೆ 80 ಸೇರಿ 1500, ಪಿಪಿಪಿಒಇ ಲೈನಿಗೆ 8 ಬೈಟು ಹೆಚ್ಚು. ಪಿಪಿಪಿಒಇ ಇರುವುದು ರೌಟರಿನಲ್ಲಾದ್ದರಿಂದ ಲ್ಯಾಪ್‌ಟಾಪಿಗೆ ಅದರ ಸುಳಿವೇ ಇಲ್ಲ. 'ಇಷ್ಟು ದೊಡ್ಡದು ಹಿಡಿಸುವುದಿಲ್ಲ' ಎಂದು ವಾಪಸ್ ಬರಬೇಕಾದ ಐಸಿಎಂಪಿ (ಜಾಲದ ತೊಂದರೆ ತಿಳಿಸುವ) ಸಂದೇಶವನ್ನು ಎಷ್ಟೋ ಫೈರ್‌ವಾಲ್‌ಗಳು ನುಂಗಿಬಿಡುತ್ತವೆ.

ವಿಪಿಎನ್ ಹಾಕಿಕೊಂಡೇ ಕಮಾಂಡ್ ಪ್ರಾಂಪ್ಟಿನಲ್ಲಿ 'ಪಿಂಗ್ -ಎಫ್ -ಎಲ್ 1392' ಬರೆದು ಆಫೀಸ್ ಯಂತ್ರದ ವಿಳಾಸ ಕೊಡಿ (ಟೈಪಿಸುವುದು ಇಂಗ್ಲಿಷ್ ಸಣ್ಣಕ್ಷರದಲ್ಲಿ). 'ಎಫ್' ಎಂದರೆ ಪ್ಯಾಕೆಟ್ ಒಡೆಯಬೇಡ, 'ಎಲ್' ಎಂದರೆ ಗಾತ್ರ. ಉತ್ತರ ಬರದಿದ್ದರೆ ಹತ್ತತ್ತರಂತೆ ಇಳಿಸುತ್ತ ಹೋಗಿ. ದಾಟಿದ ಸಂಖ್ಯೆಗೆ ಪಿಂಗಿನ ಹೊದಿಕೆಯ 28 ಕೂಡಿಸಿದರೆ ನಿಮಗೆ ಒಗ್ಗುವ ಎಂಟಿಯು. 1352 ದಾಟಿತೆಂದರೆ 1380. ವೈರ್‌ಗಾರ್ಡ್‌ನಲ್ಲಿ ಟನಲ್ ಎಡಿಟ್ ಮಾಡಿ, ಇಂಟರ್‌ಫೇಸ್ ಭಾಗದಲ್ಲಿ 'ಎಂಟಿಯು = 1380' ಸಾಲು ಸೇರಿಸಿ (ಇದೂ ಇಂಗ್ಲಿಷಿನಲ್ಲೇ), ಟನಲ್ ಆಫ್ ಮಾಡಿ ಮತ್ತೆ ಆನ್ ಮಾಡಿ. 1280ಕ್ಕಿಂತ ಕೆಳಗೆ ಹೋಗಬೇಡಿ, ಐಪಿವಿ6ಗೆ ಕನಿಷ್ಠ ಅಷ್ಟು ಬೇಕೇ ಬೇಕು.

ಆಮೇಲೂ ಚಿತ್ರ ತಡವರಿಸಿದರೆ ಯುಡಿಪಿ ಕಡೆ ನೋಡಿ. ರಿಮೋಟ್ ಡೆಸ್ಕ್‌ಟಾಪ್ 3389 ಪೋರ್ಟಿನಲ್ಲಿ (ಯಂತ್ರದೊಳಗೆ ಹೋಗುವ ಬಾಗಿಲಿನ ಸಂಖ್ಯೆ) ಟಿಸಿಪಿ, ಯುಡಿಪಿ ಎಂಬ ಎರಡು ಸಾಗಣೆ ವಿಧಾನಗಳನ್ನೂ ಬಳಸುತ್ತದೆ. ಟಿಸಿಪಿ ಮಾತು ಶುರುಮಾಡುವಾಗಲೇ ಎರಡೂ ಕಡೆ ಗಾತ್ರ ಒಪ್ಪಿಕೊಳ್ಳುತ್ತದೆ, ಯುಡಿಪಿಗೆ ಆ ಪದ್ಧತಿ ಇಲ್ಲ. ವಿಂಡೋಸ್‌ನ ಗ್ರೂಪ್ ಪಾಲಿಸಿ ಸೆಟ್ಟಿಂಗ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಕ್ಲೈಂಟ್ ಅಡಿಯಲ್ಲಿರುವ 'ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್' ಎನೇಬಲ್ ಮಾಡಿ. ಸಾಮಾನ್ಯವಾಗಿ ಜನ ಇದೆಲ್ಲ ಬಿಟ್ಟು ವಿಪಿಎನ್ ಆಪನ್ನೇ ಅಳಿಸಿ ಮತ್ತೆ ಹಾಕುತ್ತ ಅರ್ಧ ದಿನ ಕಳೆಯುತ್ತಾರೆ!

ಪ್ರಶ್ನೆ: ಆಫೀಸಿನ ಯಂತ್ರ 192.168.1.20. ಮನೆಯಲ್ಲಿ ವಿಪಿಎನ್ ಹಾಕಿ ಆ ವಿಳಾಸಕ್ಕೆ ಹೋದರೆ ಏನೂ ಸಿಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಸಿಗುತ್ತದೆ.
— ಓದುಗರು, ಮೈಸೂರು

ಉತ್ತರ: ಮನೆಯ ರೌಟರೂ 192.168.1 ಸಾಲಿನಲ್ಲೇ ವಿಳಾಸ ಹಂಚುತ್ತಿರಬೇಕು. ಲ್ಯಾಪ್‌ಟಾಪ್ ಆಫೀಸಿನ ಯಂತ್ರವನ್ನು ಮನೆಯೊಳಗೇ ಹುಡುಕುತ್ತಿದೆ. ರೌಟರಿನ ಲ್ಯಾನ್ ವಿಳಾಸವನ್ನು 192.168.57.1 ಎಂದು ಬದಲಿಸಿ, ರೌಟರ್ ರೀಸ್ಟಾರ್ಟ್ ಮಾಡಿ. ಪ್ರಿಂಟರಿಗೋ ಕ್ಯಾಮೆರಾಗೋ ಕೈಯಾರೆ ವಿಳಾಸ ಕೊಟ್ಟಿದ್ದರೆ ಅದನ್ನೂ ತಿದ್ದಬೇಕು. ಹೋಟೆಲ್ ವೈಫೈಯಂತಹ ಕಡೆ ರೌಟರ್ ಮುಟ್ಟಲಾಗದು. ಅಲ್ಲಿ ವೈರ್‌ಗಾರ್ಡ್‌ನ ಅಲೌಡ್ ಐಪಿಸ್ (ಟನಲಿನ ಮೂಲಕ ಹೋಗಬೇಕಾದ ವಿಳಾಸಗಳ) ಸಾಲಿಗೆ 192.168.1.20/32 ಸೇರಿಸಿ. ಒಂದೇ ಯಂತ್ರವನ್ನು ಹೆಸರಿಸುವ ದಾರಿಗೆ ಇಡೀ ಸಾಲಿನ ದಾರಿಗಿಂತ ಮೊದಲ ಮಾನ್ಯತೆ.

ಪ್ರಶ್ನೆ: ಇಷ್ಟು ರಗಳೆ ಯಾಕೆ, ರೌಟರಿನಲ್ಲಿ 3389 ಪೋರ್ಟ್ ತೆರೆದರೆ ಸಾಲದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇಡ, ಅದು ಇಡೀ ಇಂಟರ್‌ನೆಟ್ಟಿಗೆ ಬಾಗಿಲು ತೆರೆದಂತೆ. 2019ರ ಮೇನಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಿತ್ತು: ಹಳೆಯ ವಿಂಡೋಸ್‌ಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳನುಗ್ಗಬಹುದಿತ್ತು. 2014ರಲ್ಲೇ ಬೆಂಬಲ ನಿಂತಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಡಬೇಕಾಯಿತು. ಪೋರ್ಟ್ ಸಂಖ್ಯೆ ಬದಲಿಸಿದರೆ ಬಚಾವ್ ಎಂದುಕೊಳ್ಳಬೇಡಿ, ಸ್ಕ್ಯಾನರ್‌ಗಳು ಅದನ್ನೂ ಹುಡುಕುತ್ತವೆ. ವಿಪಿಎನ್ ಹಾಕಿದ ಮೇಲೂ ಆಫೀಸ್ ಯಂತ್ರದ ಫೈರ್‌ವಾಲಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ನಿಯಮ ತೆರೆದು, ಸ್ಕೋಪ್ ಟ್ಯಾಬಿನ ರಿಮೋಟ್ ಐಪಿ ಜಾಗದಲ್ಲಿ ವಿಪಿಎನ್‌ನ ವಿಳಾಸ ಸಾಲನ್ನು ಮಾತ್ರ ಹಾಕಿ.