ಓದುಗರ ಪ್ರಶ್ನೆ: ಬಿದರಿಯ ಕಪ್ಪು, ಇಳಕಲ್ಲಿನ ಸೆರಗು, ಎರಡು ಸೀರೆಯ ಕೌದಿ

ನಮ್ಮ ಅತ್ತೆಯವರ ಕಾಲದ ಬಿದರಿ ಹೂದಾನಿ ಅದ. ದೀಪಾವಳಿಗೆ ಹಿತ್ತಾಳಿ ಪಾತ್ರೆಗಳ ಕೂಡ ಅದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿದ್ವಿ. ಕಪ್ಪು ಹೋಗಿ ಬೂದಿ ಬಣ್ಣ ಆಗ್ಯದ. ಮತ್ತ ಕಪ್ಪು ಮಾಡೋದು ಹೆಂಗ?
– ಓದುಗರು, ಚಿಟಗುಪ್ಪ

ಬಿದರಿಯ ಕಪ್ಪು ಬಳಿದ ಬಣ್ಣವಲ್ಲ. ಸತು ಮತ್ತು ತಾಮ್ರ ಸುಮಾರು 16:1ರ ಪ್ರಮಾಣದಲ್ಲಿ ಬೆರೆತ ಲೋಹ ಅದು. ಅದರ ಸಹಜ ಬಣ್ಣವೇ ಈಗ ನಿಮಗೆ ಕಾಣುತ್ತಿರುವ ಬೂದು. ಕುಸುರಿಗಾರರು ಎರಕದ ಪಾತ್ರೆಯನ್ನು ಅರದಿಂದ ಉಜ್ಜಿ, ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಉಳಿ ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣಲಿ ಎಂದಷ್ಟೇ ಈ ಕೆಲಸ. ಗೆರೆಗಳಲ್ಲಿ ಬೆಳ್ಳಿ ತಂತಿ ಅಥವಾ ತಗಡು ಕೂರಿಸಿ ಮತ್ತೆ ಉಜ್ಜಿದಾಗ ಬೆಳ್ಳಿ ಯಾವುದು, ಲೋಹ ಯಾವುದು ಗೊತ್ತಾಗದಷ್ಟು ಎಲ್ಲವೂ ಒಂದೇ ಬಣ್ಣ. ಆಮೇಲೆ ಪಾತ್ರೆಯನ್ನು ಹದವಾಗಿ ಬಿಸಿಮಾಡಿ, ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಮತ್ತು ನೀರು ಕಲಸಿ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಹೀಗೆ ಬಂದ ಕಪ್ಪು ಪದರ ಬಹಳ ತೆಳು. ಹುಣಸೆಯ ಹುಳಿ ಅದನ್ನೇ ತಿಂದಿದೆ.

ಈಗ ಮಾಡಬೇಕಾದದ್ದು: ಬರಿ ನೀರಲ್ಲಿ ಒಮ್ಮೆ ಜಾಲಿಸಿ ಉಳಿದ ಹುಳಿ ತೆಗೆಯಿರಿ, ಕೂಡಲೇ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಒಂದು ತಾಸು ಇಡಿ. ಮೂರು-ನಾಲ್ಕು ಹನಿ ಶೇಂಗಾ ಎಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಮಲ್ (ತೆಳು ಹತ್ತಿ) ಬಟ್ಟೆಗೆ ಹಾಕಿ ಮೈಯೆಲ್ಲ ತಿಕ್ಕಿ, ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿ. ಕಪ್ಪು ಅಲ್ಪಸ್ವಲ್ಪ ಉಳಿದಿದ್ದರೆ ಇಷ್ಟಕ್ಕೇ ಗಾಢವಾಗುತ್ತದೆ. ಎರಡು-ಮೂರು ಸಲ ಮಾಡಿದರೂ ಬೂದು ಹಾಗೇ ಇದ್ದರೆ ಬೀದರ್‌ನ ಕುಸುರಿಗಾರರ ಕೈಗೇ ಕೊಡಿ. ಚೌಬಾರಾ ಗೋಪುರದ ಸುತ್ತಿನ ಬಿದರಿ ಅಂಗಡಿಗಳಲ್ಲಿ ಕೇಳಿದರೆ ಮರುಕಪ್ಪು ಮಾಡುವವರು ಸಿಗುತ್ತಾರೆ. ನವಸಾಗರ ತಂದು ಹಿತ್ತಲ ಮಣ್ಣಿನಲ್ಲಿ ಕಲಸಿ ನೋಡುವ ಉತ್ಸಾಹ ಬೇಡ. ಕೋಟೆಯೊಳಗೆ ಬಹುಕಾಲ ಮಳೆ-ಬಿಸಿಲು ತಾಗದ ಜಾಗದ ಮಣ್ಣನ್ನೇ ಅವರು ಹುಡುಕಿ, ನಾಲಿಗೆಗೆ ಹಚ್ಚಿ ನೋಡಿ ಆರಿಸುವುದಕ್ಕೆ ಕಾರಣವಿದೆ.

ಶೂ ಪಾಲಿಶ್, ಕಪ್ಪು ಪೇಂಟು ಹಚ್ಚಿದರೆ ಅದು ಬೆಳ್ಳಿಯ ಅಂಚಿನ ಸಂದಿಗೆ ಹೋಗಿ ಕೂರುತ್ತದೆ, ಕುಸುರಿಗಾರರಿಗೆ ಕೆಲಸ ದುಪ್ಪಟ್ಟು. ಬೆಳ್ಳಿ ಮಾತ್ರ ಮಂಕಾಗಿದ್ದರೆ ಒಣ ಬಟ್ಟೆಯಲ್ಲಿ ಉಜ್ಜಿದರೆ ಸಾಕು. ಟೂತ್‌ಪೇಸ್ಟ್ ಬೆಳ್ಳಿಯ ಜೊತೆಗೆ ಪಕ್ಕದ ಕಪ್ಪನ್ನೂ ಕೆರೆಯುತ್ತದೆ. ತಗಡು ಎಲ್ಲಾದರೂ ಎದ್ದಿದ್ದರೆ ಅಂಟು ಹಾಕಬೇಡಿ. ಅದನ್ನು ಗೆರೆಯೊಳಕ್ಕೆ ಬಡಿದು ಕೂರಿಸಬೇಕು, ಅಂಟು ತುಂಬಿದ ಗೆರೆಯಲ್ಲಿ ಅದು ಕೂರುವುದಿಲ್ಲ. ತಾಜಾ ಹೂವಿಡುವ ಆಸೆಯಿದ್ದರೆ ಒಳಗೊಂದು ಗಾಜಿನ ಲೋಟ ಇಟ್ಟು ಅದಕ್ಕೆ ನೀರು ಹಾಕಿ. ಎತ್ತರದ ಶೆಲ್ಫಿನ ತುದಿಯಲ್ಲಿ ಇಡಬೇಡಿ. ಸತು ಪೆಡಸು ಲೋಹ, ಬಿದ್ದರೆ ತಗ್ಗಾಗುವ ಬದಲು ಸೀಳುತ್ತದೆ.

ಹಳೇ ಬಿದರಿ ಅಂತ ಹೇಳಿ ಮಾರ್ತಾರ. ಖರೆ ಹೌದೋ ಅಲ್ಲೋ ತಿಳಿಯೋದು ಹೆಂಗ?
– ಓದುಗರು, ಕಲಬುರಗಿ

ಮೊದಲು ಕೈಯಲ್ಲಿ ತೂಗಿ. ಕಪ್ಪು ಬಳಿದ ಅಲ್ಯುಮಿನಿಯಂ ನಕಲು ಅಷ್ಟೇ ಗಾತ್ರದ ಬಿದರಿಯ ಅರ್ಧ ತೂಕವೂ ಬರುವುದಿಲ್ಲ. ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣ, ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಭೂತಗನ್ನಡಿಯಲ್ಲಿ ಬಳ್ಳಿಯ ತಿರುವುಗಳನ್ನು ನೋಡಿ. ಕೂರಿಸಿದ ತಂತಿಗೆ ತುದಿ ಇರುತ್ತದೆ, ಎರಡು ತಂತಿ ಕೂಡುವಲ್ಲಿ ಕೂದಲೆಳೆಯ ಸಂದು ಕಾಣುತ್ತದೆ. ಅಚ್ಚಿನ ಬಣ್ಣಕ್ಕೆ ಇವೆರಡೂ ಇರುವುದಿಲ್ಲ.

ವಯಸ್ಸು ಹೇಳುವುದು ಇದಕ್ಕಿಂತ ಕಷ್ಟ. ಹುಕ್ಕಾದ ಬುಡ, ಪಾನ್‌ದಾನ, ಸುರಾಯಿ ಹಳೆಯ ನಮೂನೆಗಳೇ, ಆದರೆ ಅದೇ ನಮೂನೆ ಇವತ್ತೂ ತಯಾರಾಗುತ್ತದೆ. ಹಿಡಿಯುವ ಜಾಗದಲ್ಲಿ, ತಳದ ಅಂಚಿನಲ್ಲಿ ಸವೆತ ಹೆಚ್ಚಿದ್ದು ಉಳಿದ ಕಡೆ ಕಡಿಮೆಯಿದ್ದರೆ ನಂಬಬಹುದು. ಎಲ್ಲ ಕಡೆ ಒಂದೇ ಸಮ ‘ಹಳೆಯದಾಗಿದ್ದರೆ’ ಯಾರೋ ಕೂತು ಹಳೆಯದು ಮಾಡಿದ್ದಾರೆ. 2006ರಲ್ಲಿ ಬಿದರಿಗೆ ಸಿಕ್ಕ ಭೌಗೋಳಿಕ ಸೂಚ್ಯಂಕದ ಮಾನ್ಯತೆಯನ್ನು ತೋರಿಸಿ ‘ಸರ್ಟಿಫಿಕೇಟ್ ಅದ’ ಎನ್ನುವವರಿದ್ದಾರೆ. ಅದು ಊರನ್ನು ಹೇಳುತ್ತದೆ, ವಸ್ತುವಿನ ವಯಸ್ಸನ್ನಲ್ಲ.

ಅಜ್ಜಿಯ ಇಳಕಲ್ಲ ಸೀರಿ ಮಡಿಕೆಯಲ್ಲಿ ಹರದದ. ಕುಷನ್ ಕವರ್, ಕೈಚೀಲ ಮಾಡಬೇಕಂತೀನಿ. ಎಲ್ಲಿಂದ ಕತ್ತರಿಸಲಿ?
– ಓದುಗರು, ಜೇವರ್ಗಿ

ಕತ್ತರಿ ಹಿಡಿಯುವ ಮೊದಲು ಸೀರೆಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನೋಡಿ. ನೂಲು ತೆಳುವಾದ ಕಡೆ ಬೆಳಕು ತೂರುತ್ತದೆ. ನಿರಿಗೆಯ ಭಾಗ, ಪಾದಕ್ಕೆ ತಾಗುವ ಕೆಳದಡಿ ಸಾಮಾನ್ಯವಾಗಿ ಹೋಗಿರುತ್ತವೆ. ಮೇಲಿನ ದಡಿ ಮತ್ತು ಸೆರಗು ಗಟ್ಟಿ ಉಳಿದಿರುತ್ತವೆ.

ಇಳಕಲ್ಲಿನಲ್ಲಿ ಒಡಲಿನ ಹಾಸುನೂಲನ್ನೂ (ಉದ್ದಕ್ಕೆ ಹೋಗುವ ಎಳೆ) ಸೆರಗಿನ ಹಾಸುನೂಲನ್ನೂ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿರುತ್ತಾರೆ. ಸೆರಗಿನ ಬಣ್ಣ ಶುರುವಾಗುವ ಗೆರೆಯೇ ಆ ಕೊಂಡಿ. ಅದಕ್ಕೆ ಅಂಟಿಕೊಂಡೇ ಕತ್ತರಿಸಿದರೆ ಕೊಂಡಿಗಳು ಒಂದೊಂದಾಗಿ ಜಾರಿ ಸೆರಗು ಬಿಚ್ಚಿಕೊಳ್ಳುತ್ತದೆ. ಒಡಲಿನ ಬಟ್ಟೆ ಎರಡು ಇಂಚಾದರೂ ಜೊತೆಗಿರಲಿ.

ಹಳೆ ಬಟ್ಟೆ ಒಂಟಿಯಾಗಿ ಹೊಲಿಗೆಯ ಎಳೆತ ತಡೆಯುವುದಿಲ್ಲ, ಹಿಂದೆ ಮಲ್ ಬಟ್ಟೆ ಬೇಕು. ಆ ಮಲ್ ಅನ್ನು ಮೊದಲೇ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಸೀರೆ ಕುಗ್ಗುವಷ್ಟು ಎಂದೋ ಕುಗ್ಗಿ ಆಗಿದೆ, ಹೊಸ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕವರ್ ಸುಕ್ಕುಗಟ್ಟುವುದು ಇದರಿಂದಲೇ. ಎರಡನ್ನೂ ಸೇರಿಸಿ ಒಂದೊಂದು ಇಂಚಿಗೆ ಸಾಲು ಹಾಕಿ ಕಚ್ಚಾ ಹೊಲಿಗೆ ಹಾಕಿಕೊಳ್ಳಿ.

16 ಇಂಚಿನ ಕುಷನ್ನಿಗೆ ಮುಂಭಾಗ 17×17 ಇಂಚು. ಹಿಂಭಾಗಕ್ಕೆ 17×11ರ ಎರಡು ತುಂಡು. ಪ್ರತಿ ತುಂಡಿನ ಒಂದು ಉದ್ದ ಅಂಚನ್ನು ಒಂದು ಇಂಚು ಮಡಿಚಿ ಹೊಲಿದು, ಒಂದರ ಮೇಲೊಂದು ಮೂರು ಇಂಚು ಏರುವಂತೆ ಇಟ್ಟು ಅರ್ಧ ಇಂಚು ಒಳಗೆ ಸುತ್ತ ಹೊಲಿಯಿರಿ. ಜಿಪ್ ಬೇಡ. ಅದರ ಎಳೆತಕ್ಕೆ ಹಳೆ ಬಟ್ಟೆ ಮೊದಲು ಹರಿಯುವುದೇ ಅಲ್ಲಿ. ಸೆರಗು ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಆಗಿದ್ದರೆ ಒದ್ದೆಯಿರುವಾಗ ಹಿಂಡಲೇಬಾರದು, ನೀರಲ್ಲಿ ಆ ನೂಲಿನ ಬಲ ಬಹಳ ಇಳಿಯುತ್ತದೆ. ಕೈಚೀಲಕ್ಕೆ ದಡಿಯೊಂದೇ ಸಾಕು. ಭಾರ ತಾಳಲು ಒಳಗೆ ಕ್ಯಾನ್ವಾಸ್ ಇರಲಿ.

ಎರಡು ಸೀರಿಯಾಗ ಕೌದಿ ಆಗ್ತದೇನು?
– ಓದುಗರು, ಶಹಾಪುರ

ಒಬ್ಬರಿಗೆ ಧಾರಾಳ ಆಗುತ್ತದೆ. ಐದೂವರೆ ಮೀಟರ್ ಸೀರೆ ಅಂದರೆ 18 ಅಡಿ. ಮೊದಲ ಸೀರೆಯನ್ನು ಮೂರು ಮಡಿಕೆ ಹಾಕಿದರೆ 6 ಅಡಿ ಉದ್ದ, ಪೌಣೆ ನಾಲ್ಕು ಅಡಿ ಅಗಲದ ಮೂರು ಪದರ ಸಿಕ್ಕವು, ಅದು ಹೂರಣ. ಎರಡನೆಯದರಿಂದ ಆರಾರು ಅಡಿಯ ಎರಡು ತುಂಡು, ಮೇಲೊಂದು ಕೆಳಗೊಂದು. ಉಳಿದ ಆರು ಅಡಿ ಚಿತ್ತಾರದ ತುಂಡುಗಳಿಗೆ ಮತ್ತು ಅಂಚಿಗೆ. ಒಟ್ಟು ಐದು ಪದರ. ಅದಕ್ಕಿಂತ ಹೆಚ್ಚಾದರೆ ಕೈಸೂಜಿ ಇಳಿಯುವುದು ಕಷ್ಟ.

ಸಾಲುಗಳ ನಡುವೆ ಮುಕ್ಕಾಲು ಇಂಚು ಅಂತರವಿರಲಿ. ಹೆಚ್ಚು ಬಿಟ್ಟರೆ ಒಗೆದಾಗ ಒಳಪದರ ಒಂದು ಕಡೆ ಜಾರುತ್ತದೆ, ತೀರಾ ಒತ್ತಾದರೆ ಕೌದಿ ಹಲಗೆಯಂತೆ ಬಿರುಸು. ಈ ಲೆಕ್ಕಕ್ಕೆ ಒಂದೆಳೆ ದಾರ ಸುಮಾರು 130 ಮೀಟರ್, ಎರಡೆಳೆಗೆ ಅದರ ದುಪ್ಪಟ್ಟು. ಅಂಚಿನಿಂದ ಹೊಲಿಯುತ್ತ ಸುತ್ತಿ ನಡುವಿಗೆ ಬರುವ ರೂಢಿಯಿದ್ದರೆ ಮೊದಲು ನಾಲ್ಕು ಮೂಲೆಯಿಂದ ನಡುವಿಗೆ ಕಚ್ಚಾ ಹೊಲಿಗೆ ಹಾಕಿ. ಇಲ್ಲವಾದರೆ ಬಟ್ಟೆಯೆಲ್ಲ ನಡುವೆ ಸೇರಿ ಗುಳ್ಳೆಯಾಗಿ ನಿಲ್ಲುತ್ತದೆ. ಹತ್ತಿಯ ಜೊತೆ ಪಾಲಿಯೆಸ್ಟರ್ ಬೆರೆಸಬೇಡಿ. ಹತ್ತಿ ಕುಗ್ಗುತ್ತದೆ, ಇದು ಕುಗ್ಗದು. ಮೇಲಾಗಿ ನಮ್ಮ ಬ್ಯಾಸಿಗೆಯಲ್ಲಿ ಪಾಲಿಯೆಸ್ಟರ್ ಹೊದ್ದು ಮಲಗಲು ಯಾರಿಗೂ ಆಗದು. ಒಗೆದ ಕೌದಿಯನ್ನು ಹಗ್ಗಕ್ಕೆ ತೂಗಿಸಿದರೆ ನೀರಿನ ಭಾರಕ್ಕೆ ಹೊಲಿಗೆ ಹರಿಯುತ್ತದೆ, ಹೊರಸಿನ ಮೇಲೆ ಹಾಸಿ ನೆರಳಲ್ಲಿ ಒಣಗಿಸಿ.

ಲಂಬಾಣಿ ತಾಂಡಾದ ಹಳೇ ಕಾಂಚಳಿಯ (ಕುಪ್ಪಸದ) ಕಸೂತಿ ತುಂಡು ಸಿಕ್ಕದ. ವಾಸನಿ ಬರ್ತದ, ಒಗೀಬಹುದಾ?
– ಓದುಗರು, ಚಿತ್ತಾಪುರ

ನೆನೆಸಬೇಡಿ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಪ್ರತಿ ಬಣ್ಣದ ದಾರದ ಮೇಲೂ ಅರ್ಧ ನಿಮಿಷ ಒತ್ತಿ ನೋಡಿ. ಯಾವುದೇ ಬಣ್ಣ ಅಂಟಿತೆಂದರೆ ನೀರಿನ ಮಾತೇ ಬೇಡ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆಯಿಂದ ಹಾಳಾದ ಕಸೂತಿಗೆ ಲೆಕ್ಕವಿಲ್ಲ. ನೆರಳಿನ ಗಾಳಿಗೆ ಎರಡು-ಮೂರು ದಿನ ಹರಡಿದರೆ ವಾಸನೆ ಬಹುಪಾಲು ಹೋಗುತ್ತದೆ. ಕನ್ನಡಿ ಕಪ್ಪಾಗಿದ್ದರೆ ಹಿಂದಿನ ಲೇಪ ಕಿತ್ತಿದೆ ಎಂದರ್ಥ, ಅದು ಮರಳುವುದಿಲ್ಲ. ಚೀಲಕ್ಕೆ ಬಳಸುವಾಗ ಕಸೂತಿಯನ್ನು ಕತ್ತರಿಸದೆ ಇಡಿಯಾಗಿ ಮೇಲೆ ಕೂರಿಸಿ. ದಾರ ಒಂದು ಕಡೆ ತುಂಡಾದರೆ ಸುತ್ತಲಿನ ಕನ್ನಡಿಗಳೂ ಉದುರುತ್ತವೆ.

ಹಳೇ ಪಟ್ಟೆಸೀರಿ ಕೊಳ್ಳಲಿಕ್ಕೆ ಮನಿ ಬಾಗಿಲಿಗೆ ಬರ್ತಾರ. ಕೊಡಬೇಕೋ ಬ್ಯಾಡೋ?
– ಓದುಗರು, ಸುರಪುರ

ಅವರಿಗೆ ಬೇಕಾದದ್ದು ಜರಿಯೊಳಗಿನ ಬೆಳ್ಳಿ. ಒಂದೆಳೆ ಜರಿಯನ್ನು ಸೂಜಿಯಿಂದ ಮೆಲ್ಲಗೆ ಕೆರೆಯಿರಿ. ಚಿನ್ನದ ಬಣ್ಣದಡಿ ಬಿಳಿ ಹೊಳಪು ಬಂದರೆ ಬೆಳ್ಳಿ, ಕೆಂಪು ಲೋಹದ ಹೊಳಪು ಬಂದರೆ ತಾಮ್ರ. ಹಾಳೆಯಂತೆ ಸುಲಿದು ಬೆಂಕಿಗೆ ಕರಗಿ ಗುಂಡಾದರೆ ಪ್ಲಾಸ್ಟಿಕ್. ಬೆಳ್ಳಿಯಾದರೆ ಸರಾಫರಿಂದ ಬೆಲೆ ಕೇಳದೆ ಮಾತು ಕೊಡಬೇಡಿ.

ಅಮೆರಿಕದ ಮಗನಿಗೆ ಮುತ್ತಜ್ಜನ ಬಿದರಿ ಹುಕ್ಕಾ ಕಳಿಸಬಹುದಾ?
– ಓದುಗರು, ಬೀದರ್

ನೂರು ವರ್ಷ ದಾಟಿದ್ದರೆ ಇಲ್ಲ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ಅದು ಪುರಾತನ ವಸ್ತು, ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಅಷ್ಟು ಹಳೆಯದಲ್ಲ ಎನಿಸಿದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ, ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದು ಕಳಿಸಿ.

ತಾಮ್ರದ ಹಂಡೆ, ಹಿತ್ತಾಳಿ ಚರಗಿ ಹಾಲ್‌ನಾಗ ಇಟ್ಟೀವಿ. ತಿಂಗಳಿಗೊಮ್ಮೆ ನಿಂಬೆಹಣ್ಣು ಹಚ್ಚಿ ತಿಕ್ಕಬೇಕೇನು?
– ಓದುಗರು, ಸೇಡಂ

ಅಲಂಕಾರಕ್ಕಿಟ್ಟದ್ದಕ್ಕೆ ಬೇಡ. ಕಂದು ಮಬ್ಬು ಹಾಗೇ ಇದ್ದರೇ ಚೆಂದ. ಹಸಿರು ಕಿಲುಬು ಬಂದಿದ್ದರೆ ಅಷ್ಟು ಜಾಗ ಮಾತ್ರ ತಿಕ್ಕಿ, ತೊಳೆದು ಪೂರ್ತಿ ಒಣಗಿಸಿ. ಅದೂ ಶಹಾಬಾದ್ ಕಲ್ಲಿನ ನೆಲದ ಮೇಲಲ್ಲ. ಅದು ಸುಣ್ಣದ ಕಲ್ಲು, ನಿಂಬೆರಸ ಬಿದ್ದ ಕಡೆಯೆಲ್ಲ ಪಾಲಿಶ್ ಹೋಗಿ ಬಿಳಿ ಕಲೆ ಕೂರುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಅಡುಗೆಗೆ ಬಳಸುವುದಾದರೆ ಒಳಗೆ ಕಲಾಯಿ ಹಾಕಿಸಿಯೇ ಬಳಸಿ.