ಅಲ್ಮಾರ್ಯಾಗ ಚಿಕ್ಕಿ ಇಟ್ಟೋರ್ಯಾರು?

ಪ್ರಶ್ನೆ: ನಮಸ್ಕಾರ್ರಿ ಮೇಡಂ. ಬೆಂಗಳೂರಾಗಿರೋ ನನ್ನ ತಮ್ಮ ದೀಪಾವಳಿಗಿ ಬಂದಾಗ ಒಂದು ಸೆಂಟ್ ಬಾಟ್ಲಿ ಕೊಟ್ಟಾನ್ರಿ, ಡಬ್ಬಿ ಮ್ಯಾಲ ಪ್ರಾಲೀನ್, ವೆನಿಲ್ಲಾ, ಪಚೌಲಿ ಅಂತ ಬರ್ದದ. ಹೊಡ್ಕೊಂಡ್ರ ಥೇಟ್ ಶೇಂಗಾ ಚಿಕ್ಕಿ ವಾಸನಿ! ನಮ್ಮತ್ತಿ ಅಂತೂ "ಅಲ್ಮಾರ್ಯಾಗ ಚಿಕ್ಕಿ ಮುಚ್ಚಿಟ್ಟೀಯೇನವಾ" ಅಂತ ಕೇಳೇಬಿಟ್ರು. ಈ ಪ್ರಾಲೀನ್ ಅಂದ್ರ ಏನ್ರಿ? ನಮ್ಮ ಮಗನಿಗಿ ಶೇಂಗಾ ಅಲರ್ಜಿ ಅದ, ಅಂವ ಹತ್ರ ಬಂದ್ರ ಏನರೆ ಆಗ್ತದೇನು? ಮತ್ತ ನಮ್ಮ ಬಿಸಲಾಗ ಇದನ್ನ ಹಚ್ಕೋಬಹುದಾ?
— ಒಬ್ಬ ಓದುಗರು, ಕಲಬುರಗಿ

ಉತ್ತರ: ನಿಮ್ಮತ್ತಿ ಮೂಗು ಭಾಳ ಚುರುಕದ ಬಿಡ್ರಿ. ಪ್ರಾಲೀನ್ ಅಂದ್ರ ಫ್ರಾನ್ಸಿನವರ ಚಿಕ್ಕಿನೇ, ನಮ್ಮಲ್ಲಿ ಶೇಂಗಾ ಬೆಲ್ಲ, ಅವರಲ್ಲಿ ಬಾದಾಮಿ ಇಲ್ಲಾ ಹೇಝಲ್‌ನಟ್ ಮತ್ತ ಸಕ್ಕರಿ, ಅಷ್ಟೇ ಫರಕು. 17ನೇ ಶತಮಾನದಾಗ ಪ್ಲೆಸಿ-ಪ್ರಾಲೀನ್ ಅನ್ನೋ ಸೇನಾಪತಿ ಮನ್ಯಾಗಿನ ಅಡಗಿಯವ ಬಾದಾಮಿಗಿ ಸಕ್ಕರಿ ಪಾಕ ಹಿಡಿಸಿ ಕೊಟ್ಟ, ಅದಕ್ಕ ಧಣಿ ಹೆಸರು ಬಿತ್ತು ಅಂತ ಕಥಿ ಹೇಳ್ತಾರ (ಕೈ ಸುಟ್ಕೊಂಡವ ಅಡಗಿಯವ, ಹೆಸರು ಧಣೀದು). ಬೆಲ್ಜಿಯಂದಾಗ ಮಾತ್ರ ಪ್ರಾಲೀನ್ ಅಂದ್ರ ಒಳಗ ಹೂರಣ ತುಂಬಿದ ಚಾಕ್ಲೇಟು, ಅದು ಬ್ಯಾರೆ.

ಈಗ ಒಂದು ಕೆಲಸ ಮಾಡ್ರಿ, ಸಕ್ಕರಿ ಡಬ್ಬಿ ತೆಗ್ದು ಮೂಗಿನ ಹತ್ರ ಹಿಡೀರಿ. ಏನೂ ಬರಂಗಿಲ್ಲ. ಹಸಿ ಶೇಂಗಾ ಮೂಸಿ ನೋಡ್ರಿ, ಹೊಲದ ಕಾಯಿ ವಾಸನಿ ಬರ್ತದ, ಘಮ ಅಲ್ಲ. ಅದೇ ಶೇಂಗಾ ತವಾ ಮ್ಯಾಲ ಹಾಕಿ ಸಣ್ಣ ಉರಿಯಾಗ ಕೈಯಾಡಿಸ್ರಿ, ಸಿಪ್ಪಿ ಮ್ಯಾಲ ಕರಿ ಚುಕ್ಕಿ ಬಿದ್ದು ಚಟ್ ಚಟ್ ಅನ್ಲಾಕ ಸುರು ಮಾಡ್ತದಲ್ಲ, ಆವಾಗ ಪಕ್ಕದ ಮನಿಯವರು ಶೇಂಗಾ ಹೋಳಿಗಿ ಮಾಡ್ಲಾಕತ್ತೀರೇನು ಅಂತ ಕೇಳ್ತಾರ. ಆ ಹುರದ ಘಮದಾಗ ಪೈರಜಿನ್ ಅನ್ನೋ ಕೆಮಿಕಲ್‌ಗಳ ಪಾಲು ದೊಡ್ಡದು. ಸಕ್ಕರೀನೂ ಹಂಗೇ, 160 ಡಿಗ್ರಿ ದಾಟಿ ಕೆಂಪಾದಾಗಲೇ ಅದಕ್ಕ ವಾಸನಿ ಹುಟ್ಟೋದು. ಬೆಲ್ಲ ಡಬ್ಬ್ಯಾಗ ಇದ್ದಾಗಲೇ ಘಮ್ ಅಂತದ ಯಾಕಂದ್ರ ಅದು ಗಾಣದ ಕಡಾಯ್ಯಾಗ ಮೊದಲೇ ಕುದ್ದು ಬಂದದ. ಅಂದ್ರ ನಿಮ್ಮ ಬಾಟ್ಲ್ಯಾಗ ಇರೋದು ಕಾಳಿನ ವಾಸನಿ ಅಲ್ರಿ, ಒಲಿ ಮ್ಯಾಲ ಆಗೋ ಕೆಲಸದ ವಾಸನಿ.

ಆ ಕೆಲಸಾನ ಬಾಟ್ಲ್ಯಾಗ ಹಾಕೋದು ಹೆಂಗ? ಒಂದಿಷ್ಟು ಕೆಮಿಕಲ್ ಕೂಡ್ಸಿ. ಮುಖ್ಯ ಅಂದ್ರ ಈಥೈಲ್ ಮಾಲ್ಟೋಲ್, ಬಿಳಿ ಪುಡಿ, ಶರಣಬಸವೇಶ್ವರ ಜಾತ್ರ್ಯಾಗ ಬಾಂಬೆ ಮಿಠಾಯಿ ಸುತ್ತೋ ಮಷೀನ್ ಹತ್ರ ನಿಂತ್ರ ಬರ್ತದಲ್ಲ, ಬರೋಬ್ಬರಿ ಅದೇ ವಾಸನಿ. ಜೋಡಿಗಿ ವೆನಿಲ್ಲಾ ವಾಸನಿ ಕೊಡೋ ವೆನಿಲಿನ್. ಟೊಂಕಾ ಅನ್ನೋ ದಕ್ಷಿಣ ಅಮೆರಿಕದ ಬೀಜದಾಗಿರೋ ಕೂಮರಿನ್, ಇದನ್ನ 1868ರಾಗೇ ಪರ್ಕಿನ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಲ್ಯಾಬಿನಾಗ ಮಾಡಿದ. ಹುರದ ವಾಸನಿಗಿ ಚಿಟಿಕಿಯಷ್ಟು ಪೈರಜಿನ್, ಜಾಸ್ತಿ ಆದ್ರ ಹತ್ತಿದ ಪಲ್ಯದ ವಾಸನಿ ಬರ್ತದ. ಇಂಥ ತಿನ್ನೋ ವಾಸನಿ ಸೆಂಟಿಗಿ ಗೂರ್ಮಾಂಡ್ ಅಂತಾರ, ಫ್ಯಾಶನ್ ಆಗಿದ್ದು 1992ರಾಗ ಫ್ರಾನ್ಸಿನ ಥಿಯರಿ ಮುಗ್ಲೇರ್ ಕಂಪನಿ ಏಂಜೆಲ್ ಅನ್ನೋ ಸೆಂಟ್ ತಂದಾಗ. ಸೆಂಟ್ ತಯಾರಿಸೋ ಒಲಿವಿಯೇ ಕ್ರೆಸ್ಪ್ ಅನ್ನೋರು ಅದಕ್ಕ ಈಥೈಲ್ ಮಾಲ್ಟೋಲ್ ಸುರಿದು, ಮಣ್ಣಿನ ವಾಸನಿ ಇರೋ ಪಚೌಲಿ ಅನ್ನೋ ಎಲಿ ಎಣ್ಣಿ ಕೂಡ್ಸಿದ್ರು. ಕಂಪನಿ ಕಟ್ಟಿದ ಮುಗ್ಲೇರ್‌ಗ ಸಣ್ಣವಿದ್ದಾಗಿನ ಜಾತ್ರಿ ನೆನಪಿನ ವಾಸನಿ ಬೇಕಾಗಿತ್ತಂತ, ಜಾತ್ರಿ ಹುಚ್ಚು ನಮಗಷ್ಟೇ ಅಲ್ಲ ಅಂದಂಗಾಯ್ತು.

ಮಗನ ವಿಷಯ. ಪ್ರಾಲೀನ್ ಅಂತ ಬರ್ದಿದ್ರ ಅದರಾಗ ಕಾಳು ಇದ್ದೇ ಇರ್ತದ ಅಂತಲ್ಲ, ಸಾಮಾನ್ಯವಾಗಿ ಇರಂಗಿಲ್ಲ, ಮ್ಯಾಲ ಹೇಳಿದಂಗ ಲ್ಯಾಬಿಂದೇ ಬರ್ತದ. ಖರೇ, ಕೆಲವು ಲೋಶನ್, ಬಾಡಿ ಆಯಿಲಿನಾಗ ಬಾದಾಮಿ ಎಣ್ಣಿ, ಶೇಂಗಾ ಎಣ್ಣಿ ಇರ್ತಾವ, ಶೇಂಗಾಕ್ಕ ಲೇಬಲ್ ಮ್ಯಾಲ ಅರಾಕಿಸ್ ಹೈಪೋಜಿಯಾ (Arachis hypogaea) ಅಂತ ಲ್ಯಾಟಿನ್ ಹೆಸರು ಇಂಗ್ಲಿಷ್ ಅಕ್ಷರದಾಗ ಬರ್ದಿರ್ತಾರ. ಅದಕ್ಕ ಹಿಂದಿನ ಸಣ್ಣ ಅಕ್ಷರ ಓದ್ರಿ, ಮತ್ತ ಬಾಟ್ಲಿ ಒಮ್ಮಿ ಮಗನ ಡಾಕ್ಟರಿಗಿ ತೋರ್ಸೇ ಹಚ್ಕೋರಿ, ಈ ಒಂದು ವಿಷಯದಾಗ ನನ್ನ ಮಾತಿಗಿಂತ ಅವರ ಮಾತು ನಡೀಲಿ.

ಬಿಸಲಿಂದು ನನಗ ಅನುಭವ ಅದ. ಮೇ ತಿಂಗಳಾಗ ಒಂದು ಲಗ್ನಕ್ಕ ಹೊಂಟಾಗ ಇಂಥದ್ದೇ ಸೆಂಟ್ ನಾಕ್ ಸಲ ಪುಸ್ ಪುಸ್ ಅಂತ ಹೊಡ್ಕೊಂಡು ತುಂಬಿದ ಆಳಂದ ಬಸ್ಸಿನಾಗ ಕುಂತೆ, ಅರ್ಧ ತಾಸಿನಾಗ ಪಕ್ಕದ ಅಜ್ಜಿ ಸೀಟಿನ ಕೆಳಗ ಬಗ್ಗಿ ಬಗ್ಗಿ ನೋಡಿ "ಯಾರ್ದರೆ ಬೆಲ್ಲದ ಪೆಂಟಿ ಕರಗ್ಲಾಕತ್ತದ ನೋಡ್ರವ್ವಾ" ಅಂತ ಇಡೀ ಬಸ್ಸಿಗಿ ಕೇಳಂಗ ಅಂದ್ರು. ಸೆಖಿಗಿ ಸೆಂಟು ಜಲ್ದಿ ಹಾರ್ತದ, ಹಗುರ ವಾಸನಿ ಮೊದಲ ಹೋಗಿ ಸಿಹಿ ಅಷ್ಟೇ ಉಳೀತದ, ಬೆವರು ಕೂಡಿದ್ರ ಕೇಳ್ಬ್ಯಾಡ್ರಿ. ಅದಕ್ಕ ಇದನ್ನ ಥಂಡಿ ದಿನಕ್ಕ ಇಟ್ಕೋರಿ, ಸಂಜಿಗಿ ಒಂದೇ ಸಲ ಹೊಡೀರಿ, ರೇಶ್ಮಿ ಸೀರಿ ಮ್ಯಾಲ ಬ್ಯಾಡ, ಕಲಿ ಬೀಳ್ತದ. ಭಾಳ ಸಿಹಿ ಅನ್ಸಿದ್ರ ಮಣಿಕಟ್ಟಿಗಿ ಒಂದ್ ಹನಿ ಖಸ್ ಅತ್ತರ್ ಹಚ್ಚಿ ನೋಡ್ರಿ, ಲಾವಂಚದ ವಾಸನಿ ಸಿಹಿನ ಹಿಡಿತದಾಗ ಇಡ್ತದ. ಬಾಟ್ಲಿ ಅಲ್ಮಾರ್ಯಾಗೇ ಇರ್ಲಿ, ಕಿಟಕ್ಯಾಗ ಬ್ಯಾಡ.

ಪ್ರಶ್ನೆ: ಬಂದೇ ನವಾಜ್ ಉರುಸಿಗಿ ಬಂದಾಗ ಒಂದು ಅತ್ತರ್ ಅಂಗಡ್ಯಾಗ ಬಾದಾಮಿ-ಚಾಕ್ಲೇಟ್ ವಾಸನಿದು ಕೊಟ್ರು, ಅಸಲಿ ಅತ್ತರ್ ಅಂದ್ರು. ಖರೇ ಏನ್ರಿ?
— ಒಬ್ಬ ಓದುಗರು, ಯಾದಗಿರಿ

ಉತ್ತರ: ಉತ್ತರ ಪ್ರದೇಶದ ಕನೌಜಿನಾಗ ಹಳೀ ಪದ್ಧತಿ ಅತ್ತರ್ ಮಾಡೋರು ತಾಮ್ರದ ಹಂಡೇದಾಗ ಹೂವು, ಬೇರು ನೀರಿಗಿ ಹಾಕಿ ಕುದಿಸಿ ಆ ಹಬೆನ ಗಂಧದೆಣ್ಣಿಗಿ ಇಳಿಸ್ತಾರ, ಸುಟ್ಟ ಮಣ್ಣಿಂದೂ ತೆಗೀತಾರ. ಚಿಕ್ಕಿ, ಚಾಕ್ಲೇಟ್ ಹಂಡೇದಾಗ ಹಾಕಿ ಅತ್ತರ್ ತೆಗೆದವರನ್ನ ನಾ ಕಂಡಿಲ್ಲ. ನಿಮಗ ಕೊಟ್ಟಿದ್ದು ಲ್ಯಾಬಿನ ವಾಸನಿನ ಎಣ್ಣ್ಯಾಗ ಕೂಡ್ಸಿದ್ದು ಇರ್ಬೇಕು. ವಾಸನಿ ಚಂದ ಇದ್ರ ಹಚ್ಕೋರಿ, ತಪ್ಪೇನಿಲ್ಲ. ಅಸಲಿ ಗುಲಾಬಿ ಅತ್ತರಿನ ರೇಟ್ ಹೇಳಿದ್ರ ಮಾತ್ರ ಬಾಟ್ಲಿ ಅಲ್ಲೇ ಇಟ್ಟು ಬಂದ್ಬಿಡ್ರಿ.