ಗದ್ದೆಯಲ್ಲಿ ಬಲೆಯಿಲ್ಲದೆ ಓಡಾಡುವ ಕಂದು ಜೇಡ ಯಾವುದು?

ಅದು ಬಹುಶಃ ತೋಳ ಜೇಡ. ಭತ್ತದ ಗದ್ದೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪಾರ್ಡೋಸಾ ಸ್ಯೂಡೋಆನ್ಯುಲೇಟಾ. ಮೈ ಸುಮಾರು 1 ಸೆಂಟಿಮೀಟರ್, ಬೂದುಗಂದು ಬಣ್ಣ; ಬೆನ್ನ ಮೇಲಿನ ಕವಲೊಡೆದ ತಿಳಿ ಪಟ್ಟೆ ಇದರ ಗುರುತು. ಬಲೆ ನೇಯುವುದಿಲ್ಲ, ಓಡಿ ಹಿಡಿಯುತ್ತದೆ. ನಿಂತ ನೀರಿನ ಮೇಲೂ ಮುಳುಗದೆ ಓಡುತ್ತದೆ! ಪೈರಿನ ಬುಡದಲ್ಲಿ ರಸ ಹೀರುವ ಕಂದು ಜಿಗಿಹುಳುಗಳೇ ಇದರ ಮುಖ್ಯ ಆಹಾರ. ದಿನಕ್ಕೆ 5ರಿಂದ 15 ಹುಳುಗಳನ್ನು ಮುಗಿಸಬಲ್ಲದು.

ಹೆಣ್ಣು ಮೊಟ್ಟೆಚೀಲವನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡೇ ಬೇಟೆಗೆ ಹೊರಡುತ್ತದೆ. ಮರಿಗಳು ಹೊರಬಂದ ಮೇಲೆ ಕೆಲವು ದಿನ ತಾಯಿಯ ಬೆನ್ನೇ ಅವುಗಳ ತೊಟ್ಟಿಲು. ರಾತ್ರಿ ಟಾರ್ಚ್ ಹಿಡಿದರೆ ಕಣ್ಣುಗಳು ಹೊಳೆಯುತ್ತವೆ, ನೋಡಿ. ಕಂಡಕಂಡಾಗಲೆಲ್ಲ ಕೀಟನಾಶಕ ಸಿಂಪಡಿಸಿದರೆ ಜಿಗಿಹುಳುವಿಗಿಂತ ಮೊದಲು ಸಾಯುವುದು ಹೆಚ್ಚಾಗಿ ಈ ಕಾವಲುಗಾರನೇ.